ಅಧ್ಯಕ್ಷರ ಎಡಗಡೆ

ಟೈರು ಒಡೆದಿರಲಿಲ್ಲ. ಬ್ರೇಕು ಹೋಗಿರಲಿಲ್ಲ. ಯಾರ ದೃಷ್ಟಿಯೂ ತಾಗಿರಲಿಲ್ಲ. ನನ್ನ ತಮ್ಮನ ಕಾರು ಓಟದ ನಡುವೆ ಹುಲ್ಲಿನ ಬಣವೆಗೆ ಹೊಕ್ಕದ್ದು ಅವನಿಗೆ ಕಣ್ಣು ಕಾಣದೆ. ಅಷ್ಟೇ. ಆದರೆ ಗಂಗಾವತಿಯಿಂದ ಯಲಬುರ್ಗಾದವರೆಗೆ ಜನ ಹೇಳುವ ಕಥೆಯೇ ಬೇರೆ. ಒಡ್ಡಿನ ಮೇಲೆ ಕುಳಿತಿದ್ದ ಮಕ್ಕಳ ಜೀವ ಉಳಿಸಲು ಅಧ್ಯಕ್ಷರು ತಮ್ಮ ಜೀವದ ಹಂಗು ಬಿಟ್ಟು ಬಣವೆಗೆ ನುಗ್ಗಿದರಂತೆ! ಕೇಳಲು ಚೆನ್ನಾಗಿದೆ. ನಾನು ಆ ಕಾರಿನಲ್ಲಿ ಅವನ ಪಕ್ಕದ ಸೀಟಿನಲ್ಲೇ ಕುಳಿತಿದ್ದೆ. ನನ್ನನ್ನು ಯಾರೂ ಕೇಳುವುದಿಲ್ಲ. ಕೇಳದಿದ್ದರೂ ಹೇಳುತ್ತೇನೆ.

ಈ ತಮ್ಮ ಎಂಥ ಡ್ರೈವರ್ ಆಗಿದ್ದ ಎಂಬುದನ್ನು ಮೊದಲು ತಿಳಿಯಬೇಕು. ಸರಕಾರಿ ಬಸ್ಸನ್ನು ಗಂಗಾವತಿಯಿಂದ ಹನುಮಸಾಗರಕ್ಕೆ ಒಯ್ಯುತ್ತಿದ್ದ. ಓಡಿಸುತ್ತಿದ್ದ ಎಂದರೆ ಸುಳ್ಳಾಗುತ್ತದೆ, ಒಯ್ಯುತ್ತಿದ್ದ. ಮದುವೆಗೆಂದು ಅವನ ಬಸ್ಸು ಹತ್ತಿದವರು ಮದುಮಗಳ ಬಸಿರಿನ ಕುಬುಸಕ್ಕೆ ಮುಟ್ಟುತ್ತಾರೆ ಎಂದು ಜನ ಆಡಿಕೊಳ್ಳುತ್ತಿದ್ದರು. ಕುರಿ ಬಂದರೆ ನಿಂತ, ಕೋಳಿ ಬಂದರೆ ನಿಂತ, ಏನೂ ಬರದಿದ್ದರೆ ಬರಬಹುದೆಂದು ನಿಂತ! ಆದರೆ ನೌಕರಿ ಮುಗಿಯುವವರೆಗೂ ಅವನ ಬಸ್ಸಿನಿಂದ ಒಂದು ನಾಯಿಗೂ ಪೆಟ್ಟಾಗಿರಲಿಲ್ಲ. ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ.

ಅಂಥವನು ನಿವೃತ್ತನಾದ ಮೇಲೆ ಏನು ಮಾಡಬೇಕು? ಎರಡು ಎಮ್ಮೆ ಕಟ್ಟಬೇಕು, ಹೆಂಡತಿಯ ಜೊತೆ ಜಗಳಾಡಬೇಕು. ಇವನು ಕಾರಿನ ಓಟದ ಸಂಘ ಕಟ್ಟಿದ!

“ಅಕ್ಕಾ, ಫಾರಿನ್‌ದಾಗ ಹಳೇ ಕಾರು ತಗೊಂಡು ಓಡಸ್ತಾರ. ದುಂಡಗ ಸುತ್ತತಾರ. ಫೋನಿನ್ಯಾಗ ನೋಡೀನಿ.”

“ಸುತ್ತಿ ಎಲ್ಲಿಗೆ ಹೊಕ್ಕಾರ?”

“ಎಲ್ಲಿಗೂ ಹೋಗಂಗಿಲ್ಲ. ಹೊಂಟಲ್ಲಿಗೇ ಬರ್ತಾರ.”

“ಗಾಣದ ಎತ್ತು ಡೀಸೆಲ್ ಇಲ್ಲದ ಅದನ್ನ ಮಾಡ್ತೈತಲ್ಲೋ.”

ಅವನು ನಗಲಿಲ್ಲ. ಗಂಗಾವತಿಯಲ್ಲಿ ಗ್ಯಾರೇಜು ಇಟ್ಟ ಸಾಹೇಬರೊಬ್ಬರು ಅವನ ಹಳೆಯ ಸ್ನೇಹಿತರು. ಅವನ ಬಸ್ಸು ದಾರಿಯಲ್ಲಿ ಕೆಟ್ಟಾಗಲೆಲ್ಲ ಪಾನಾ ಹಿಡಿದು ಓಡಿ ಬಂದವರು. ಇಬ್ಬರೂ ಸೇರಿದರು. ತಮ್ಮ ಅಧ್ಯಕ್ಷ, ಸಾಹೇಬರು ಕಾರ್ಯದರ್ಶಿ. ರಿಪೇರಿಯೂ ಅವರದೇ, ಮೈಕೂ ಅವರದೇ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆಯಿಂದಲೂ ಹಳೆಯ ಕಾರುಗಳು ಬರತೊಡಗಿದವು. ಕೆಲವು ಓಡಿಕೊಂಡು ಬಂದವು, ಕೆಲವು ಟ್ರ್ಯಾಕ್ಟರಿನ ಹಿಂದೆ ಕಟ್ಟಿಸಿಕೊಂಡು ಬಂದವು. ನಮ್ಮ ಸಿದ್ದಾಪುರದ ಹೊರಗೆ ಎರಡನೇ ಬೆಳೆಯ ಭತ್ತ ಕೊಯ್ದು, ಕಾಲುವೆ ನಿಂತು, ಗದ್ದೆ ಒಣಗಿ ಬಂಡೆಯಾದಾಗ ಓಟ. ಬಹುಮಾನಕ್ಕೆ ಕಿನ್ನಾಳದಿಂದ ಬಣ್ಣ ಹಚ್ಚಿದ ಕಟ್ಟಿಗೆಯ ಕಾರು ತರಿಸಿದ್ದ. ಅಲ್ಲಿ ಸೇರಿದ ಕಾರುಗಳಲ್ಲೆಲ್ಲ ನಾಲ್ಕೂ ಬಾಗಿಲು ನೆಟ್ಟಗಿದ್ದದ್ದು ಅದೊಂದಕ್ಕೇ.

ಓಟ ನೋಡಲು ನಾನೂ ಹೋದೆ. ಸುಳ್ಳೇಕೆ ಹೇಳಲಿ, ಹೊಟ್ಟೆ ಹಿಡಿದುಕೊಂಡು ನಕ್ಕೆ. ಇವನು ಮಾಡಿದ ಕಾಯಿದೆಗಳೆಲ್ಲ ಬಸ್ಸಿನವು! ಕಾರು ಕಂಪನಿ ಕೊಟ್ಟ ಹಾಗೆಯೇ ಇರಬೇಕು, ಒಂದು ವೈಪರನ್ನೂ ಕಿತ್ತಿರಬಾರದು. ಹಗುರಾಗಲೆಂದು ಹಿಂದಿನ ಸೀಟು ತೆಗೆದು ಬಂದ ಕುಷ್ಟಗಿಯವನನ್ನು ಸೀಟು ತರಲು ಕುಷ್ಟಗಿಗೇ ಕಳಿಸಿದ. ತಿರುವಿನಲ್ಲಿ ಕೈ ಹೊರಗೆ ಹಾಕಿ ತೋರಿಸಬೇಕು. ಮುಂದಿನ ಕಾರನ್ನು ದಾಟುವ ಮೊದಲು ಹಾರನ್ ಹೊಡೆಯಬೇಕು.

ಯಲಬುರ್ಗಾದವನೊಬ್ಬ ಜಗಳಕ್ಕೇ ಬಂದ. “ಹಾರನ್ ಹೊಡದ್ರ ಮುಂದಿನಾಂವ ಎಚ್ಚರಾಗಿ ಅಡ್ಡ ಬರ್ತಾನಲ್ರಿ! ಇದು ಓಟ ಐತೋ ಏನು ಮದುವಿ ಮೆರವಣಿಗಿ ಐತೋ?”

“ಅಡ್ಡ ಬಂದ್ರ ಬರಲಿ. ಹೇಳದ ಕೇಳದ ಮುಂದ ಹೋಗೋದು ಕಳ್ಳರ ಕೆಲಸ,” ಎಂದ ನನ್ನ ತಮ್ಮ.

ಎಲ್ಲಕ್ಕಿಂತ ದೊಡ್ಡ ಕಾಯಿದೆ ಇನ್ನೊಂದು. ಪ್ರತಿ ಕಾರಿನಲ್ಲೂ ಇಬ್ಬರಿರಬೇಕು, ಒಬ್ಬ ಡ್ರೈವರ್, ಒಬ್ಬ ಕಂಡಕ್ಟರ್! ಕಂಡಕ್ಟರ್ ಎಡಗಡೆ ಕುಳಿತು, ಬಾಯಲ್ಲಿ ಸೀಟಿ ಹಿಡಿದು, ಹಿಂದೆ ಯಾರು ಬಂದರು, ಎಡಕ್ಕೆ ಯಾರಿದ್ದಾರೆ ಎಂದು ಹೇಳುತ್ತಿರಬೇಕು. ಇವನೋ ನೌಕರಿಯುದ್ದಕ್ಕೂ ಹಿಂದೆ ತಿರುಗಿ ನೋಡಿದವನಲ್ಲ. ಹಿಂದಿನದನ್ನು ಕಂಡಕ್ಟರ್ ನೋಡುತ್ತಿದ್ದ. ಲೋಕದ ಗಾಡಿಗಳೆಲ್ಲ ಹಾಗೆಯೇ ನಡೆಯುತ್ತವೆ ಎಂದು ನಂಬಿದ್ದ.

ದೊಡ್ಡವರ ಓಟಕ್ಕೆ ಮೊದಲು ಹೊಸಬರ ಓಟ ನಡೆಯುತ್ತಿತ್ತು. ಬಾನೆಟ್ಟಿನ ಮೇಲೆ ಕೆಂಪು ಎಲ್ ಬೋರ್ಡು. ಅಲ್ಲಿ ಪಳಗಿದವರಿಗೆ ಮುಂದೆ ದೊಡ್ಡ ಓಟದಲ್ಲಿ ಜಾಗ. ಸಾಹೇಬರ ಗ್ಯಾರೇಜಿನಲ್ಲಿ ಕೆಲಸ ಮಾಡುವವರು, ಭತ್ತ ಕೊಯ್ಯುವ ಮಷೀನಿನ ಡ್ರೈವರುಗಳು, ಸಂತೆಗೆ ಕಾಯಿಪಲ್ಲೆ ಹೇರುವ ಆಟೊ ನಡೆಸುವ ಒಬ್ಬ ಹೆಣ್ಣುಮಗಳು, ಹೀಗೆ ಬಂದು ಸೇರಿದ್ದರು. ಅವರಿಗೆ ಇವನು ಹಾಕಿದ ಶಿಕ್ಷೆ ಕೇಳಿ: ಬಂದ ಮೊದಲ ಬೇಸಿಗೆ ಪೂರ್ತಿ ಸ್ಟೇರಿಂಗ್ ಮುಟ್ಟುವಂತಿಲ್ಲ! ಬರೀ ಕಂಡಕ್ಟರ್ ಆಗಿ ಕೂಡಬೇಕು.

ಆಟೊದ ಹೆಣ್ಣುಮಗಳು ಬಾಯಿ ಬಡಿದುಕೊಂಡಳು. “ಕಾಕಾ, ನಾ ದಿನಾ ಸಂತಿಯೊಳಗ ಗಾಡಿ ಹೊಡಿಯಾಕಿ. ನನಗ ಯಾವಾಗ ಸ್ಟೇರಿಂಗ್ ಕೊಡ್ತೀರಿ?”

“ಮೊದಲ ಇನ್ನೊಬ್ಬರ ಸಲುವಾಗಿ ನೋಡಾಕ ಕಲಿಯವಾ. ಸ್ಟೇರಿಂಗ್ ಎಲ್ಲಿ ಓಡಿ ಹೊಕ್ಕೈತಿ?”

ದೊಡ್ಡ ಮಾತೆಂದು ಎಲ್ಲರೂ ತಲೆದೂಗಿದರು. ನಾನೂ ತೂಗಿದೆ. ಆ ಮಾತು ಅವನ ಬಾಯಿಗೆ ಎಲ್ಲಿಂದ ಬಂತೆಂದು ಆಗ ಯಾರು ಯೋಚಿಸಿದರು?

ಆಮೇಲೆ ಊರಲ್ಲಿ ಒಂದು ಗುಲ್ಲು ಎದ್ದಿತು. ಅಧ್ಯಕ್ಷನಾದ ಮೇಲೆ ಇವನಿಗೆ ಸೊಕ್ಕು ಬಂದಿದೆ, ನಮಸ್ಕಾರ ಮಾಡಿದರೆ ತಿರುಗಿ ನೋಡುವುದಿಲ್ಲ ಎಂದು. ನಿಜವೇ. ಎದುರಿಗೆ ಬಂದವರಿಗೆ ಬಾಯಿ ತುಂಬಾ ಮಾತು, ಪಕ್ಕದಲ್ಲಿ ನಿಂತವರಿಗೆ ಏನೂ ಇಲ್ಲ. ಅವನ ಹೆಂಡತಿ ನನ್ನ ಮುಂದೆ ಅತ್ತಳು: “ನೋಡ್ರಿ ಅಕ್ಕಾರ, ಮಗ್ಗಲದಾಗ ತಾಟು ಹಿಡ್ಕೊಂಡು ನಿಂತೀನಿ, ನನ್ನ ಮಕಾನೂ ನೋಡವಲ್ಲರು!” ನಾನು ಬುದ್ಧಿ ಹೇಳಲು ಹೋದೆ. ಅವನ ಎಡಗಡೆ ಕುಳಿತೆ. ಚಹಾ ಕುಡಿದೆ. ಅವನು ಒಳಗೆ ಕೂಗಿ ಕೇಳಿದ: “ಅಕ್ಕ ಹ್ವಾದಳೇನ?”

ನಾನು ಉಸಿರು ಬಿಡದೆ ಕುಳಿತೆ. ಅವನೇ ಎದ್ದ. ಬಾಗಿಲಿಗೆ ಎಡ ಭುಜ ಬಡಿದುಕೊಂಡ. “ಈ ಬಾಗಲಾ ಸರದೈತಿ,” ಎಂದು ಗೊಣಗಿದ.

“ಬಾಗಲಾ ಇದ್ದಲ್ಲೇ ಐತಿ. ನಿನ್ನ ಕಣ್ಣು ಡಾಕ್ಟರಿಗೆ ತೋರಸು,” ಎಂದೆ. ಅವನು ಬೆಚ್ಚಿಬಿದ್ದ. ಆಮೇಲೆ ನಕ್ಕ. ಕನ್ನಡಕದ ಮಾತೆತ್ತಿದ, ಧೂಳಿನ ಮಾತೆತ್ತಿದ, ಸಾಹೇಬರ ಸೊಂಟನೋವಿನ ಮಾತೆತ್ತಿದ. ಕಣ್ಣಿನ ಮಾತು ಎತ್ತಲಿಲ್ಲ.

ಈ ಬೇಸಿಗೆಯ ಕೊನೆಯ ಓಟಕ್ಕೆ ಎರಡು ದಿನ ಮೊದಲು ನನ್ನ ಮನೆಗೆ ಬಂದ. ಕೊನೆಯ ಓಟದಲ್ಲಿ ದೊಡ್ಡವರು, ಎಲ್ ಬೋರ್ಡಿನವರು ಎಲ್ಲ ಒಟ್ಟಿಗೆ ಓಡಬೇಕು, ಅಧ್ಯಕ್ಷರೂ ಓಡಬೇಕು. ಪ್ರತಿ ವರ್ಷ ಇವನು ಎಲ್ಲರ ಹಿಂದೆ ಬಂದು ಚಪ್ಪಾಳೆ ಗಿಟ್ಟಿಸುತ್ತಿದ್ದ.

“ಸಾಹೇಬ ಈ ಸಲ ಕಂಡಕ್ಟರ್ ಆಗಿ ಕುಂದರವಲ್ಲ. ನೀ ಬಾರಬೇ ಅಕ್ಕಾ.”

“ನನಗ ಹಲ್ಲಿಲ್ಲ. ಸೀಟಿ ಹೆಂಗ ಹಿಡಿಲಿ?”

“ಬಾಯಿಲೇ ಹೇಳು, ಸಾಕು. ಒಂದ ಸಲ ಜೋರಾಗಿ ಓಡಸಬೇಕು ಅಂತ ಆಸೆ ಆಗೈತಿ. ಹುಟ್ಟಿದಾಗಿಂದ ಓಡಸಿಲ್ಲ.”

ಅವನ ದನಿಯಲ್ಲಿ ಏನೋ ಇತ್ತು. ಬೇಡ ಎಂದರೆ ಒಬ್ಬನೇ ಹೋಗುವವನು ಅವನು. “ನಾ ನಿಲ್ಲಸಂದ್ರ ನಿಲ್ಲಸ್ತೀಯೇನ?” ಎಂದು ಕೇಳಿದೆ. ತಾಯಿಯ ಆಣೆ ಇಟ್ಟ.

ನನ್ನ ತುರುಬಿನ ಮೇಲೆ ಹೆಲ್ಮೆಟ್ ಕೂಡಲಿಲ್ಲ, ತುರುಬು ಬಿಚ್ಚಿದೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದೆ. ಜನ ನನ್ನನ್ನು ನೋಡಿ ಕೇಕೆ ಹಾಕಿದರು. ಸಾಹೇಬರು ಮೈಕಿನಲ್ಲಿ, “ಅಕ್ಕಾರ ಟಿಕೆಟ್ ಹರೀರಿ, ರೈಟ್ ಹೇಳ್ರಿ!” ಎಂದರು. ರೈಟ್ ಎಂದೆ.

ಅಬ್ಬಾ! ಅವನ ಕಾಲಲ್ಲಿ ಅಂಥ ಓಟ ಅಡಗಿತ್ತೆಂದು ಯಾರಿಗೆ ಗೊತ್ತಿತ್ತು? “ಎಡಕ್ಕ ಬಿಳೀ ಗಾಡಿ” ಎಂದರೆ ಬಲಕ್ಕೆ ಸರಿದ. “ಮುಂದ ತಗ್ಗು” ಎಂದರೆ ತಪ್ಪಿಸಿದ. ಸುತ್ತಲೂ ಹಾರನ್ನೇ ಹಾರನ್. ದಾಟುವವರೂ ಹೊಡೆದರು, ದಾಟದವರೂ ಹೊಡೆದರು. ಇಷ್ಟೇಕೆ ಒದರುತ್ತವೆ ಎಂದು ಬೈದುಕೊಂಡೆ. ಒಂದು ಸಲ ಅವನ ಮುಖ ನೋಡಿದೆ. ಸಾಲೆ ತಪ್ಪಿಸಿ ಕಾಲುವೆಗೆ ಜಿಗಿಯುತ್ತಿದ್ದಾಗ ಇದ್ದ ಮುಖ. ಕುಷ್ಟಗಿಯವನನ್ನು ದಾಟಿದೆವು. ಯಲಬುರ್ಗಾದವನನ್ನು ದಾಟಿದೆವು. ಹಾರನ್ ಹೊಡೆದೇ ದಾಟಿದೆವು!

ಕೊನೆಯ ತಿರುವು ಇನ್ನೂ ಮುಂದಿತ್ತು. ಅವನು ಅದಕ್ಕೆ ಮೊದಲೇ ಎಡಕ್ಕೆ ಹೊರಳಿಸತೊಡಗಿದ. ಎಡಕ್ಕೆ ಒಡ್ಡಿನ ಮೇಲೆ ಊರಿನ ಮಕ್ಕಳು ಸಾಲಾಗಿ ಕುಳಿತಿದ್ದರು.

“ಹೊಳ್ಳಬ್ಯಾಡ! ನಿಲ್ಲಸು! ಹುಡುಗರದಾರ!”

“ಎಲ್ಲಿ ಅದಾರ? ಬಯಲ ಐತಲ್ಲ.”

ಅವನಿಗೆ ಬಯಲೇ ಕಂಡಿತ್ತು. ನಾನು ಸ್ಟೇರಿಂಗಿಗೆ ಎರಡೂ ಕೈ ಹಾಕಿ ಬಲಕ್ಕೆ ನೂಕಿದೆ. ಬಲಕ್ಕೆ ಬಣವೆ ಇತ್ತು.

ಯಾರಿಗೂ ಏನೂ ಆಗಲಿಲ್ಲ. ತಲೆಯ ತುಂಬಾ ಭತ್ತದ ಹುಲ್ಲು ಹೊತ್ತು ಇಬ್ಬರೂ ಹೊರಬಂದೆವು. ಜನ ಓಡಿ ಬಂದರು. ಸಾಹೇಬರು ಮೈಕಿನಲ್ಲಿ, “ಟೈರ್ ಒಡದೈತಿ! ಮಕ್ಕಳ ಸಲುವಾಗಿ ಅಧ್ಯಕ್ಷರು ಬಣವಿಗೆ ನುಗ್ಯಾರ! ಹಾರ ತರ್ರಿ!” ಎಂದು ಕೂಗಿದರು. ಗೆದ್ದವರಿಗೆಂದು ಇಟ್ಟಿದ್ದ ಹಾರ ಇವನ ಕೊರಳಿಗೆ ಬಿತ್ತು. ಅವನು ಎದುರಿಗೆ ಕಂಡಷ್ಟು ಜನರನ್ನು ನೋಡಿ ಕೈ ಮುಗಿದ. ಮೈಕು ಹಿಡಿದು, “ಬರೋ ವರ್ಸಾನೂ ಓಡ್ತೀನಿ” ಎಂದ. ಚಪ್ಪಾಳೆ!

ಬರುವ ವರ್ಷವೂ ಆ ಒಡ್ಡಿನ ಮೇಲೆ ಮಕ್ಕಳು ಕೂಡುತ್ತಾರೆ. ನಾನು ಮೈಕು ಕಸಿದುಕೊಂಡೆ.

“ಟೈರ್ ನೆಟ್ಟಗ ಐತಿ. ಇವಗ ಕಣ್ಣು ಕಾಣಂಗಿಲ್ಲ.”

ಸಾಹೇಬರು ಓಡಿಬಂದು ಮೈಕಿನ ವೈರು ಕಿತ್ತರು. ಹತ್ತಿರ ನಿಂತವರಿಗೆ ಮಾತ್ರ ಕೇಳಿಸಿತು. ದೂರದವರು ಟೈರಿನ ಕಥೆಯನ್ನೇ ಕಟ್ಟಿಕೊಂಡು ಊರಿಗೆ ಹೋದರು. ತಮ್ಮ ನಗಲು ನೋಡಿದ. “ನಮ್ಮಕ್ಕಗ ತಲಿ ತಿರಗೈತಿ.”

ಆಗ ಆಟೊದ ಹೆಣ್ಣುಮಗಳು ಮುಂದೆ ಬಂದಳು. ಮೆಲ್ಲಗೆ ಹೇಳಿದಳು: “ನಮಗೆಲ್ಲಾ ಗೊತ್ತೈತಿ ಕಾಕಾ. ಹೋದ ವರ್ಸದಿಂದ ಗೊತ್ತೈತಿ. ಅದಕ್ಕ ನೀವು ಹತ್ರ ಬಂದಾಗೆಲ್ಲಾ ಹಾರನ್ ಹೊಡೀತೀವಿ. ಯಾರು ಎಲ್ಲಿ ಅದಾರ ಅಂತ ತಿಳೀಲಿ ಅಂತ.”

ಅವನು ಸಾಹೇಬರ ಕಡೆ ತಿರುಗಿದ. ಅವರು ತಲೆ ತಗ್ಗಿಸಿ ವೈರು ಸುತ್ತುತ್ತಿದ್ದರು. ಇವನು ಹಾರ ತೆಗೆಯಲಿಲ್ಲ. ಹಾರದ ಸಮೇತ ಗದ್ದೆಯ ನೆಲದ ಮೇಲೆ ಕುಳಿತುಬಿಟ್ಟ.

ಸಂಜೆ ಅವನ ಮನೆಗೆ ಹೋದೆ. ಗೋಡೆಗೆ ಮುಖ ಮಾಡಿ ಮಲಗಿದ್ದ. ಊಟ ಮಾಡಿರಲಿಲ್ಲ. ನಾನು ಪಕ್ಕದಲ್ಲಿ ಕುಳಿತೆ. ಈ ಸಲ ಕೆಮ್ಮಿ ಕುಳಿತೆ. ಅವನು ಹೊರಳದೆಯೇ ಮಾತಾಡಿದ.

“ನಾ ಅವರಿಗೆ ನೋಡಾಕ ಕಲಸ್ತೀನಿ ಅಂತಿದ್ದೆ. ಅವರ ನನ್ನ ಸಾಕ್ಯಾರಲ್ಲಕ್ಕಾ.”

“ಸಾಕಿದ್ರ ಏನಾತು? ಎಲ್ಲಾರೂ ಒಬ್ಬರನ್ನೊಬ್ಬರು ಸಾಕೋದ ಐತಿ.”

“ಕೊಪ್ಪಳಕ್ಕ ಹೋಗಿ ತೋರಿಸಿದ್ದೆ. ನಿನಗ ಹೇಳಲಿಲ್ಲ. ಕಣ್ಣಿಗೂ ಬಿಪಿ ಬರ್ತೈತಂತ. ಎಡಗಣ್ಣು ಹೋಗೇತಿ, ಅದು ಹೊಳ್ಳಿ ಬರಂಗಿಲ್ಲ. ಬಲಗಣ್ಣಿನ್ಯಾಗ ನಡುವಿಂದಷ್ಟ ಉಳದೈತಿ. ಅದನ್ನ ಉಳಸಾಕ ದಿನಾ ಹನಿ ಹಾಕ್ರಿ ಅಂದ್ರು.”

“ಹಾಕ್ಕೊಂಡ್ಯೇನ?”

“ಒಂದು ಬಾಟ್ಲಿ ಹಾಕ್ಕೊಂಡೆ. ಬಿಟ್ಟೆ. ಹೋದದ್ದು ಬರಂಗಿಲ್ಲಂದ ಮ್ಯಾಲೆ ಎದಕ್ಕಂತ ಹಾಕ್ಕೋಬೇಕು?” ಗೋಡೆಯ ಕಡೆಗೇ ಹೇಳಿದ. “ಡ್ರೈವರ್ ಅಂತಿದ್ರಕ್ಕಾ ನನಗ. ಇನ್ನ ಏನಂತಾರ?”

ನಾನು ಎದ್ದು ಗೋಡೆಯ ಮಾಡದಲ್ಲಿ ಕೈಯಾಡಿಸಿದೆ. ಖಾಲಿ ಬಾಟ್ಲಿ ಸಿಕ್ಕಿತು. ಸೆರಗಿಗೆ ಕಟ್ಟಿಕೊಂಡು ಮನೆಗೆ ಬಂದೆ.

ಮರುದಿನ ಬೆಳಗ್ಗೆ ಮೊದಲ ಬಸ್ಸಿಗೆ ಗಂಗಾವತಿಗೆ ಹೋದೆ. ಮೆಡಿಕಲ್ ಅಂಗಡಿಯವನು ಬಾಗಿಲು ತೆಗೆಯುವವರೆಗೆ ಮೆಟ್ಟಿಲ ಮೇಲೆ ಕುಳಿತೆ. ಇಂಗ್ಲಿಷ್ ಅಕ್ಷರ ನನಗೆ ಬರುವುದಿಲ್ಲ, ಬಾಟ್ಲಿ ತೋರಿಸಿ ಅಂಥದೇ ತಂದೆ. ಡಾಕ್ಟರ ಹತ್ತಿರ ಎಳೆದೊಯ್ಯುವ ಕೆಲಸ ಇನ್ನೂ ಇದೆ, ಅದನ್ನು ಬಿಡುವವಳಲ್ಲ. ಮರಳಿ ಬಂದಾಗ ತಮ್ಮ ಹಾಸಿಗೆಯಲ್ಲೇ ಇದ್ದ. ತಲೆ ಎತ್ತಿ ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಭಾರವಾಗಿತ್ತು. ಬಲಗಣ್ಣಿನ ರೆಪ್ಪೆ ಬಿಡಿಸಿ ಒಂದು ಹನಿ ಹಾಕಿದೆ.

“ಉರಿತೈತಿ ಅಕ್ಕಾ.”

“ಉರೀಲಿ.”

ಎಡಗಡೆಗೆ ಕೈ ಒಯ್ದೆ. ಅವನು ನನ್ನ ಮಣಿಕಟ್ಟು ಹಿಡಿದ. “ಅದಕ್ಕ ಬ್ಯಾಡಬೇ. ಅದರಾಗ ಏನೂ ಉಳದಿಲ್ಲ. ದಂಡ ಆಕ್ಕೈತಿ.”

ಕೈ ಬಿಡಿಸಿಕೊಂಡು ಅದಕ್ಕೂ ಒಂದು ಹನಿ ಹಾಕಿದೆ.