ಚಾಕು ಎಷ್ಟು ನಯವಾಗಿ ಮುಚ್ಚಬೇಕು?

ಭಾನುವಾರ ಸಾಯಂಕಾಲ ನಾಲ್ಕು ಗಂಟೆ ನಲವತ್ತು ನಿಮಿಷಕ್ಕೆ ನಮ್ಮ ಮನೆಯಲ್ಲಿ ಎಲ್ಲವೂ ಕೆಡಲು ಶುರುವಾಯಿತು. ಗಳಿಗೆ ಇಷ್ಟು ನಿಖರವಾಗಿ ಗೊತ್ತಿರಲು ಕಾರಣ, ನಾನು ವಿಮಾ ಕಚೇರಿಯಲ್ಲಿ ಕೆಲಸ ಮಾಡುವವನು. ಅಪಘಾತದ ಅರ್ಜಿಯಲ್ಲಿ ಮೊದಲು ಕೇಳುವುದೇ ಅದನ್ನು: ಘಟನೆ ನಡೆದ ಸಮಯ. ‘ಸುಮಾರು ಸಂಜೆ’ ಎಂದು ಬರೆದುಕೊಂಡು ಬಂದ ಎಷ್ಟೋ ಬಡಪಾಯಿಗಳನ್ನು ನಾನು ಕೌಂಟರಿನಿಂದಲೇ ವಾಪಸು ಕಳುಹಿಸಿದ್ದೇನೆ. ಆ ಅಭ್ಯಾಸಬಲದಿಂದ, ಮಾವನವರ ಬೆರಳಿನ ರಕ್ತ ನೆಲ ಮುಟ್ಟುವ ಮೊದಲೇ ನನ್ನ ಕಣ್ಣು ಗೋಡೆ ಗಡಿಯಾರದ ಮೇಲಿತ್ತು. ಮನುಷ್ಯನಾದವನು ಮೊದಲು ಬಟ್ಟೆ ಹುಡುಕುತ್ತಾನೆ. ನಾನು ಗಂಟೆ ನೋಡಿದೆ.

ನನಗೊಂದು ದೌರ್ಬಲ್ಯವಿದೆ. ಯಾವುದೇ ವಸ್ತು ತೆರೆಯುವಾಗ, ಮುಚ್ಚುವಾಗ ಸದ್ದು ಮಾಡಬಾರದು, ಸತಾಯಿಸಬಾರದು. ತಮಿಳುನಾಡಿನ ಮಾಧವರಂನಲ್ಲಿರುವ ನಮ್ಮ ಫ್ಲಾಟಿನಲ್ಲಿ ಕಿರ್ ಎನ್ನುವ ಕದವಿಲ್ಲ, ಸಿಕ್ಕಿಕೊಳ್ಳುವ ಡ್ರಾಯರ್ ಇಲ್ಲ. ರಜಾದಿನ ಬಂತೆಂದರೆ ಹೊಲಿಗೆ ಯಂತ್ರದ ಎಣ್ಣೆಯ ಪುಟ್ಟ ಡಬ್ಬಿ ಹಿಡಿದು ಮನೆಯಿಡೀ ಸುತ್ತುತ್ತೇನೆ. “ಒಂದು ಜಾಗದಲ್ಲಿ ಕೂತ್ಕೊಳ್ಳಿ ಮಾರಾಯ್ರೆ, ಇಲ್ಲದಿದ್ರೆ ನನ್ನ ಮೊಣಕಾಲಿಗೂ ಎರಡು ಹನಿ ಬಿಟ್ಟೀರಿ” ಎಂದು ಹೆಂಡತಿ ವಾರಿಜಾ ಹೇಳುತ್ತಾಳೆ. ಆ ಮನೆಯಲ್ಲಿ ನನಗೆ ಮಣಿಯದೆ ಉಳಿದಿದ್ದ ವಸ್ತು ಒಂದೇ. ಅದು ಅವಳ ತಂದೆ, ನನ್ನ ಮಾವನವರ ಮಡಚುವ ಚಾಕು.

ಮಾವ ಉಡುಪಿ ಕಡೆಯವರು. ತ್ರಿಪ್ಲಿಕೇನಿನ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಆಯುಷ್ಯವೆಲ್ಲ ಅಡುಗೆ ಮಾಡಿ, ಅಡುಗೆಯವರಿಗೆ ಮೇಸ್ತ್ರಿಯಾಗಿ, ಈಗ ನಮ್ಮ ಜೊತೆಗಿದ್ದಾರೆ. ಆದರೂ ಪ್ರತಿ ಶನಿವಾರ ಬೆಳಗ್ಗೆ ಬಸ್ಸು ಹತ್ತಿ ಹೋಟೆಲಿಗೆ ಹೋಗುತ್ತಾರೆ. ಯಾರೂ ಕರೆಯುವುದಿಲ್ಲ, ಯಾರೂ ಬೇಡವೆನ್ನುವುದಿಲ್ಲ. ರುಬ್ಬಿದ ಉದ್ದಿನ ಹಿಟ್ಟನ್ನು ಬಲಗೈ ಹೆಬ್ಬೆರಳು, ತೋರುಬೆರಳುಗಳ ನಡುವೆ ಉಜ್ಜಿ ನೋಡಿ, “ಇನ್ನೊಂಚೂರು ತಿರುಗ್ಲಿ” ಎಂದೋ “ಸಾಕು, ತೆಗೀರಿ” ಎಂದೋ ಹೇಳುತ್ತಾರೆ. ಗ್ರೈಂಡರ್ ಮುಂದಿರುವವರು ಹಾಗೇ ಮಾಡುತ್ತಾರೆ. ವಾರದ ಉಳಿದ ಆರು ದಿನ ಮಾವ ಆ ಒಂದು ಮಾತಿನ ಮೇಲೆ ಬದುಕುತ್ತಾರೆ ಎಂದರೆ ತಪ್ಪಲ್ಲ.

ಅವರ ಚಾಕು ಬಾಳೆಎಲೆಯ ದಂಟು ಸವರಿ, ಬಾಳೆಕಾಯಿಯ ಸೊನೆ ಕುಡಿದು ಬಿಗಿದುಕೊಂಡಿತ್ತು. ಅದನ್ನು ಮುಚ್ಚುವುದು ಒಂದು ವಿಧಿ. ಹಿಡಿಯನ್ನು ಬಲಗೈಯ ಬೆರಳುಗಳಿಂದ ಸುತ್ತಿ ಹಿಡಿದು, ಅಲಗಿನ ಬೆನ್ನನ್ನು ಎಡ ಅಂಗೈಯಿಂದ ಜೋರಾಗಿ ಒತ್ತುವುದು. ಅಲಗು ಅರ್ಧ ಬಂದು ನಿಲ್ಲುತ್ತದೆ. ಆಗ ಬೆರಳುಗಳನ್ನು ಆಚೆ ಸರಿಸಿ ಮತ್ತೊಮ್ಮೆ ಒತ್ತುವುದು. ನೋಡುವವರಿಗೆ ಅಸಹ್ಯ. ಆದರೆ ಆ ಅರ್ಧದ ನಿಲುಗಡೆಯೇ ಇಷ್ಟು ಕಾಲ ಅವರ ಬೆರಳುಗಳನ್ನು ಕಾಯುತ್ತಿತ್ತು ಎಂದು ಪದವೀಧರನಾದ ನನಗೆ ಹೊಳೆಯಲಿಲ್ಲ. ಬಿಗಿಯಾಗಿರುವುದೆಲ್ಲ ಕೆಟ್ಟಿರುವುದು ಎಂಬುದು ನನ್ನ ವಿದ್ಯೆ.

ಆ ಭಾನುವಾರ ಮಾವ ಮಲಗಿದ್ದಾಗ ಚಾಕುವನ್ನು ಬಿಸಿನೀರಿನಲ್ಲಿ ತೊಳೆದೆ. ಕೀಲಿನ ಸೊನೆಯನ್ನು ಸೂಜಿಯಿಂದ ಕೆರೆದು ತೆಗೆದೆ. ನಾಲ್ಕು ಹನಿ ಎಣ್ಣೆ ಬಿಟ್ಟು ಇಪ್ಪತ್ತು ಸಲ ತೆರೆದು ಮುಚ್ಚಿದೆ. ಕೊನೆಗೆ ಕಿರುಬೆರಳು ಸೋಕಿಸಿದರೆ ಸಾಕು, ಪುಸ್ತಕ ಮುಚ್ಚಿದ ಹಾಗೆ ಮುಚ್ಚಿಕೊಳ್ಳುತ್ತಿತ್ತು. ನನಗಾದ ಸಂತೋಷವನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ.

ಮಾವ ಎದ್ದು ಪೇರಲಹಣ್ಣು ತಂದು ಕೂತರು. “ಚಾಕು ಎಲ್ಲಿ ಮಾರಾಯ?” ಎಂದರು. ಈ ಮನೆಯಲ್ಲಿ ಚಾಕುವನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಕೊಟ್ಟರೆ ಇಬ್ಬರಿಗೂ ಜಗಳವಾಗುತ್ತದೆಯಂತೆ. ಕೊಡುವವನು ಏನೂ ಮಾತಾಡದೆ ನೆಲದ ಮೇಲಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಅಳಿಯನಾಗಿ ಬಂದ ಹೊಸದರಲ್ಲಿ ಒಮ್ಮೆ ಕೈಗೇ ಕೊಡಲು ಹೋಗಿ ಬೈಸಿಕೊಂಡಿದ್ದೆ. ಆದ್ದರಿಂದ ಅಲಗು ಬಿಚ್ಚಿ, ವಿಧೇಯನಾಗಿ, ಬಾಯಿ ಮುಚ್ಚಿಕೊಂಡು ನೆಲದ ಮೇಲಿಟ್ಟೆ. ಕೈಗೇ ಕೊಟ್ಟಿದ್ದರೆ “ಎಣ್ಣೆ ಹಾಕಿದ್ದೇನೆ, ಜೋಪಾನ” ಎಂಬ ಎರಡು ಮಾತು ತಾನಾಗಿ ಬರುತ್ತಿತ್ತು. ಜಗಳ ತಪ್ಪಿಸಲು ಹೋಗಿ ಎಚ್ಚರಿಕೆಯನ್ನು ತಪ್ಪಿಸಿದೆ.

ಅವರು ಹಣ್ಣು ಹೆಚ್ಚಿದರು. ಮೊಮ್ಮಗಳು ನಂದಿನಿಗೆ ಎರಡು ಹೋಳು ಕೊಟ್ಟರು. ಆಮೇಲೆ ಬಲಗೈಯಲ್ಲಿ ಹಿಡಿ ಸುತ್ತಿ, ಎಡ ಅಂಗೈಯಿಂದ ಎಂದಿನ ಜೋರಿನಲ್ಲಿ ಒತ್ತಿದರು. ಅಲಗು ಅರ್ಧದಲ್ಲಿ ನಿಲ್ಲಲಿಲ್ಲ. ನಾನು ನೋಡುತ್ತಲೇ ಇದ್ದೆ. ನಿಜ ಹೇಳಬೇಕೆಂದರೆ, ಹೊಗಳಿಕೆಗಾಗಿ ಕಾಯುತ್ತ ಕೂತಿದ್ದೆ.

“ತಾತಾ, ರತ್ತಂ! ಅಪ್ಪಾ, ಪಾರುಂಗ!” ರಕ್ತ, ನೋಡಿ ಎಂದು ನಂದಿನಿ ತಮಿಳಿನಲ್ಲಿ ಚೀರಿದಳು. ತಮಿಳುನಾಡಿನ ಶಾಲೆಯ ಮಗು, ಹೆದರಿಕೆಯಾದಾಗ ಅವಳಿಗೆ ಕನ್ನಡ ಬರುವುದಿಲ್ಲ. ನನ್ನ ಕಣ್ಣು ಆಗಲೇ ಗಡಿಯಾರದ ಮೇಲಿತ್ತು.

ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು. ಬೆರಳು ಉಳಿಯಿತು. ಆದರೆ ತೋರುಬೆರಳಿನ ನರಕ್ಕೆ ಪೆಟ್ಟಾಗಿದೆ, ತುದಿಯಲ್ಲಿ ಸ್ಪರ್ಶ ತಿರುಗಿ ಬರಬಹುದು, ಬಾರದೆಯೂ ಇರಬಹುದು, ಕಾಯಬೇಕು ಎಂದರು ಡಾಕ್ಟರು. ಹೊಲಿಗೆ ಬಿಚ್ಚಿದ ಮೇಲೂ ಆ ತುದಿ ಮರದ ಚೂರಿನಂತೆಯೇ ಇತ್ತು. ಮಾವ ಕಣ್ಣು ಮುಚ್ಚಿ ಹತ್ತಿ, ಉಪ್ಪು, ರವೆ ಎಲ್ಲವನ್ನೂ ಮುಟ್ಟಿ ನೋಡಿದರು. ಎಲ್ಲವೂ ಒಂದೇ. ಆ ಶನಿವಾರ ಅವರು ಹೋಟೆಲಿಗೆ ಹೋಗಲಿಲ್ಲ. ಮರು ಶನಿವಾರವೂ ಇಲ್ಲ.

ನಾನು ತಪ್ಪೊಪ್ಪಿಕೊಳ್ಳಲಿಲ್ಲವೆಂದು ತಿಳಿಯಬೇಡಿ. ಆಸ್ಪತ್ರೆಗೆ ಹೋಗುವ ಆಟೋದಲ್ಲೇ ಒಪ್ಪಿಕೊಂಡೆ. ಕಷ್ಟ ಬಂದದ್ದು ಅಲ್ಲಿಂದಲೇ. ಮಾವ ಅದನ್ನು ಸ್ವೀಕರಿಸಲಿಲ್ಲ.

“ನಾನೇ ಎಣ್ಣೆ ಹಾಕಿದ್ದು ಮಾವ. ತಪ್ಪು ನಂದು.”

“ಎಣ್ಣೆ ಹಾಕಿದ್ರೆ ಎಂತ ಆಗ್ತದೆ? ಕೈಯಲ್ಲಿ ಹಿಡ್ದವನಿಗೆ ಗೊತ್ತಾಗ್ಬೇಡ್ವಾ? ನನ್ನ ಕೈಗೆ ವಯಸ್ಸಾಯ್ತು, ಅಷ್ಟೇ.”

ಬಂದವರಿಗೆಲ್ಲ ಅದೇ ಮಾತು. ಹೋಟೆಲಿನಿಂದ ನೋಡಲು ಬಂದ ಹಳೆಯ ಜೊತೆಗಾರ ಶೀನಣ್ಣನಿಗೂ, “ಇನ್ನು ನಾನು ಬರೂದಿಲ್ಲ ಶೀನ. ಚಾಕು ತಿಳಿಯದ ಕೈಗೆ ಹಿಟ್ಟು ತಿಳೀತದಾ?” ಎಂದರು. ನಾನು ನಡುವೆ ಬಾಯಿ ಹಾಕಿ, “ಇಲ್ಲ, ನಾನು ಎಣ್ಣೆ...” ಎಂದೆ. “ನೀವು ಸುಮ್ನಿರಿ. ದೊಡ್ಡವ್ರು ಮಾತಾಡುವಾಗ ಎಣ್ಣೆ ಎಣ್ಣೆ ಅಂತೀರಿ” ಎಂದ ಶೀನಣ್ಣ.

ತಪ್ಪು ಮಾಡಿದವನಿಗೆ ಶಿಕ್ಷೆ ಸಿಗದಿದ್ದರೆ ಅವನು ಸುಖವಾಗಿರುತ್ತಾನೆ ಎಂದು ಯಾರು ಹೇಳಿದರೋ. ನನಗೆ ಕಣ್ಣು ಮುಚ್ಚಿದರೆ ಸಾಕು, ಅಲಗು ಸದ್ದಿಲ್ಲದೆ ಮುಚ್ಚಿಕೊಳ್ಳುತ್ತಿತ್ತು. ಪ್ರತಿಸಲವೂ ನಾನು ಕೂಗಬೇಕೆಂದುಕೊಳ್ಳುತ್ತಿದ್ದೆ, ಪ್ರತಿಸಲವೂ ಹೊಗಳಿಕೆಗೆ ಕಾಯುತ್ತಿದ್ದೆ. ಹಗಲು ಕಚೇರಿಯಲ್ಲಿ ‘ಬೆರಳು’ ಎಂಬ ಪದವಿದ್ದ ಕಡತ ಬಂದರೆ ಪಕ್ಕದ ಮೇಜಿಗೆ ತಳ್ಳುತ್ತಿದ್ದೆ. ವಾರಿಜಾಳಿಗೆ, “ನೀನಾದರೂ ನನ್ನನ್ನು ಬೈಯಿ” ಎಂದು ಕೇಳಿಕೊಂಡೆ. ಅವಳು ಬೈದಳು. ಆದರೆ ಅದು ಹಾಲು ತರಲು ಮರೆತದ್ದಕ್ಕೆ. ಒಂದು ದಿನ ಮಾವನ ಮುಂದೆ ಪೆನ್ಸಿಲ್ಲನ್ನೇ ಅಲಗು ಮಾಡಿಕೊಂಡು, ಮೊದಲು ಹೇಗೆ ನಿಲ್ಲುತ್ತಿತ್ತು, ಎಣ್ಣೆಯ ನಂತರ ಏಕೆ ನಿಲ್ಲಲಿಲ್ಲ ಎಂದು ತನಿಖಾಧಿಕಾರಿಯಂತೆ ವಿವರಿಸಿದೆ. ಅವರು ಪೂರ್ತಿ ಕೇಳಿದರು. ಆಮೇಲೆ ನನ್ನ ಭುಜ ತಟ್ಟಿ, “ನಿಂಗೆ ನನ್ನ ಮೇಲೆ ಪ್ರೀತಿ ಜಾಸ್ತಿ. ಅದಕ್ಕೆ ಹೀಗೆಲ್ಲ ಹೇಳ್ತೀಯ” ಎಂದರು. ಅಷ್ಟು ಕೆಟ್ಟ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ.

ಏಳನೆಯ ವಾರದ ಗುರುವಾರ ಬೆಳಗ್ಗೆ ವಾರಿಜಾ ಸ್ನಾನಕ್ಕೆ ಹೋಗಿದ್ದಳು. ಕಾಫಿ ಮಾಡುವ ಪಾಳಿ ನನ್ನದು. ಆರಿಸದೆ, ಡಬರಾ ಬಟ್ಟಲಿಲ್ಲದೆ, ಬರಿಯ ಸ್ಟೀಲ್ ಲೋಟವನ್ನು ಮಾವನ ಮುಂದೆ ಹಿಡಿದೆ. ಪೇಪರಿನಿಂದ ಕಣ್ಣು ತೆಗೆಯದೆ ಅವರು ಬಲಗೈ ಚಾಚಿದರು.

“ಅಯ್ಯಯ್ಯೋ!” ಲೋಟ ಪೇಪರಿನ ಮೇಲೆ ಉರುಳಿತು. ಮಾವ ತೋರುಬೆರಳನ್ನು ಬಾಯಲ್ಲಿಟ್ಟುಕೊಂಡು ನನ್ನನ್ನು ಸುಟ್ಟುಬಿಡುವಂತೆ ನೋಡಿದರು. “ಬುದ್ಧಿ ಉಂಟಾ ನಿಂಗೆ? ಅವತ್ತು ಎಣ್ಣೆ ಹಾಕಿ ಬೆರಳು ಕೊಯ್ಸಿದ್ದು ಸಾಲ್ಲಿಲ್ವಾ, ಈಗ ಬೇಯಿಸ್ತೀಯಾ? ಕೇಳದೆ ಕಂಡವ್ರ ಚಾಕು ಮುಟ್ತಾನೆ! ಓದಿದ್ದಂತೆ, ಆಫೀಸಂತೆ!”

ಕೂಗು ಥಟ್ಟನೆ ನಿಂತಿತು. ಬೆರಳನ್ನು ಕಣ್ಣೆದುರು ಹಿಡಿದು ನೋಡಿ, ಹೆಬ್ಬೆರಳಿಗೆ ಮೆಲ್ಲನೆ ಉಜ್ಜಿದರು. ಮತ್ತೆ ಉಜ್ಜಿದರು. ಅವರ ಕಣ್ಣು ತುಂಬಿತು. ಒದ್ದೆ ತಲೆಯಲ್ಲೇ ಓಡಿಬಂದ ವಾರಿಜಾ, “ಎಂತ ಆಯ್ತಪ್ಪ?” ಎಂದಳು.

“ಎಂತ ಆಗೂದು? ಉರೀತದೆ” ಎಂದರು ಮಾವ. ಏಳು ವಾರ ಹತ್ತಿ, ಉಪ್ಪು ಒಂದೂ ತಿಳಿಯದಿದ್ದ ತುದಿಗೆ ಈಗ ಬಿಸಿ ತಿಳಿದಿತ್ತು. “ಎಲ್ಲಾ ನಿನ್ನ ಗಂಡ ಮಾಡಿದ್ದು. ಮೊದಲಿಂದ್ಲೂ ಅವನೇ.”

ಆ ದಿನವಿಡೀ ಅವರು ಫೋನಿನಲ್ಲಿ ಊರಿಗೆಲ್ಲ ನನ್ನ ದಡ್ಡತನವನ್ನು ವರ್ಣಿಸಿದರು. ಶೀನಣ್ಣನಿಗೆ, “ಶನಿವಾರ ಬರ್ತೇನೆ. ಕೈಗೆ ಎಂತ ಆಗಿಲ್ಲ ಮಾರಾಯ, ಅಳಿಯನ ತಲೆಗೇ ಆದದ್ದು” ಎಂದರು. ಅಂದು ರಾತ್ರಿ ಹತ್ತಕ್ಕೆ ಮಲಗಿದವನು ಬೆಳಗಿನವರೆಗೆ ಒಮ್ಮೆಯೂ ಎಚ್ಚರಗೊಳ್ಳಲಿಲ್ಲ. ಏಳು ವಾರಗಳಲ್ಲಿ ಅದೇ ಮೊದಲು. ಇಡೀ ಸಂಸಾರದವರು ಸೇರಿ ಮೂರ್ಖನೆಂದು ತೀರ್ಮಾನಿಸಿದ ದಿನವೇ ಮನುಷ್ಯನಿಗೆ ಇಷ್ಟು ಒಳ್ಳೆಯ ನಿದ್ದೆ ಬರಬಹುದೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಆ ಪದವಿಗೆ ಹಿಂದೆಯೇ ಅರ್ಜಿ ಹಾಕುತ್ತಿದ್ದೆ.