ಅಕ್ಕನ ಹಿತ್ತಲ ಕಲ್ಲುಹಾಸು

ಎರೆ ನೆಲದ ಗುಣ ಕೆಲವು ನೆಂಟರ ಗುಣದಂತೆ. ಬೇಸಿಗೆಯಲ್ಲಿ ಬಾಯಿ ಬಿಟ್ಟುಕೊಂಡು ಬಿದ್ದದ್ದನ್ನೆಲ್ಲ ನುಂಗುತ್ತದೆ. ಮಳೆಗಾಲದಲ್ಲಿ ಕಾಲು ಹಿಡಿದುಕೊಂಡರೆ ಚಪ್ಪಲಿ ಕೊಡುವವರೆಗೆ ಬಿಡುವುದಿಲ್ಲ. ಹೊನ್ನಾಳಿಯ ನಮ್ಮ ಹಿತ್ತಲು ಅಂಥದ್ದು. ಬಿದ್ದ ನೀರು ಇಂಗುವುದಿಲ್ಲ, ಹರಿಯುವುದೂ ಇಲ್ಲ. ಅದರ ಮೇಲೆ ಕಲ್ಲು ಹಾಸಲು ಹೋಗಿ ನಾನು ಮಾಡಿದ ಒಂದು ತಪ್ಪನ್ನು ಈಗ ಹೇಳಿಬಿಡುತ್ತೇನೆ. ಮೂರನೇ ಕ್ಲಾಸಿನಲ್ಲಿ ಸ್ಲೇಟು ಒಡೆದುಕೊಂಡು ಶಾಲೆ ಬಿಟ್ಟವನು ನಾನು. ಬರವಣಿಗೆ ಅಂಕುಡೊಂಕಾದರೆ ಸಹಿಸಿಕೊಳ್ಳಿ. ಹಾಸಿದ ಕಲ್ಲಿಗಿಂತ ನೆಟ್ಟಗೇ ಇದೆ.

ನನ್ನ ಅಕ್ಕ ಹಾಲಮ್ಮ, ಗಂಡ ತೀರಿಕೊಂಡ ಮೇಲೆ ನನ್ನ ಜೊತೆಗೇ ಇದ್ದಳು. ದಿನಕ್ಕೆರಡು ಹೊತ್ತು ಹಿತ್ತಲ ಕೆಸರು ದಾಟಿ ಕೊಟ್ಟಿಗೆಗೆ ಹೋಗಿ, ಕರುವಿನಿಂದ ತಾನೇ ಸಾಕಿದ ಕೆಂಪಿಯ ಹಾಲು ಕರೆಯಬೇಕು. ಅವಳ ಸಲುವಾಗಿ ಚಪ್ಪಡಿ ಹಾಸೋಣವೆಂದು ಚನ್ನಗಿರಿಯಿಂದ ಗಾರೆ ಕೆಲಸದ ಬುಡೇನ್ ಸಾಬರನ್ನು ಕರೆಸಿದೆ. ಯುದ್ಧದ ಕಾಲ, ಸಿಮೆಂಟು ಹೆಸರಿಗೂ ಸಿಗದು. ಅವರು ನೆಲಕ್ಕೆ ಕೋಲು ಚುಚ್ಚಿ ನೋಡಿ, "ಎರಡು ಮೊಳ ಎರೆ ತೆಗೀರಿ. ಗರಸು ಕಲ್ಲುಮಣ್ಣು ತುಂಬಿ ಗಟ್ಟಿ ಬಡೀರಿ. ಇಲ್ಲಾಂದ್ರೆ ಕಲ್ಲು ಈಜಾಡ್ತಾವೆ ನೋಡ್ರಿ," ಎಂದು ಹೇಳಿ, ತಂಗಿಯ ಮಗಳ ಮದುವೆಗೆಂದು ಊರಿಗೆ ಹೋದರು.

ಬೇಸಿಗೆಯ ಎರೆಗೆ ಗುದ್ದಲಿ ಹಾಕಿದರೆ ಗುದ್ದಲಿಯೇ ವಾಪಸು ಬರುತ್ತದೆ. ಅದೂ ಅಲ್ಲದೆ, ಹೋಟೆಲಿನಲ್ಲಿ ಯಾರಾದರೂ ಪೇಪರು ಓದಿದರೆ ಕೂತು ಕೇಳುವುದು ನನ್ನ ಕೆಲಸವಾಗಿತ್ತು. ಪೇಪರಿನಲ್ಲಿ ಸೈನ್ಯಗಳು ದಿನಕ್ಕೆ ಹತ್ತು ಹರದಾರಿ ನುಗ್ಗುತ್ತಿದ್ದವು. ನಾನು ಮೂರು ದಿನದಲ್ಲಿ ಒಂದು ಗೇಣು ಮುಂದುವರಿದಿದ್ದೆ. ಸಾಬರು ಬರುವ ಹಿಂದಿನ ದಿನ ಅಷ್ಟಕ್ಕೇ ಗರಸು ಹರಡಿ ಮುಚ್ಚಿಬಿಟ್ಟೆ.

ಅವರು ಬಂದವರೇ ಸುತ್ತ ಕಣ್ಣಾಡಿಸಿ, "ತೆಗೆದ ಮಣ್ಣೆಲ್ಲಿ ರೀ?" ಎಂದರು.

"ಸೊಕ್ಕೆ ಕಡೆ ಗಾಡಿಯವರು ಮಾಳಿಗೆ ಮ್ಯಾಲೆ ಹಾಕಾಕೆ ಒಯ್ದ್ರು."

"ಹೊನ್ನಾಳಿಯಿಂದ ಅಷ್ಟು ದೂರದ ಸೊಕ್ಕೆಗೆ? ಎರೆಮಣ್ಣು?" ಸಾಬರು ಅಡಿಕೆ ಚೂರು ದವಡೆಗೆ ಒತ್ತಿಕೊಂಡರು. "ಆಗ್ಲಿ. ನೆಲ ನಿಮ್ದು, ಕಲ್ಲೂ ನಿಮ್ದು." ಹಾಸಿ ಹೋದರು.

ಮುಂಗಾರು ಬಂತು. ಚಪ್ಪಡಿಯ ಈ ತುದಿ ತುಳಿದರೆ ಆ ತುದಿ ಎದ್ದು ನಮಸ್ಕಾರ ಮಾಡುತ್ತಿತ್ತು. ಸಂದಿನಿಂದ ಕೆಸರು ಮೊಣಕಾಲವರೆಗೆ ಚಿಮ್ಮುತ್ತಿತ್ತು. ಒಂದು ಬೆಳಿಗ್ಗೆ ಅಕ್ಕ ಹಾಲಿನ ಚೊಂಬಿನ ಸಮೇತ ಬಿದ್ದಳು. ಸೊಂಟಕ್ಕೆ ಅರಿಶಿನ ಹಚ್ಚಿಕೊಂಡು ಮಲಗಿ, "ಕಲ್ಲಿಂದೇನೂ ತಪ್ಪಿಲ್ಲ ತಮ್ಮ, ನನ್ನ ಕಾಲಾಗೇ ಬಲ ಇಲ್ಲ. ಕೆಂಪೀನ ನ್ಯಾಮತಿಯ ನಾದಿನಿಗೆ ಕೊಟ್ಟುಬಿಡ್ತೀನಿ," ಎಂದಳು.

ನನ್ನ ಸೋಮಾರಿತನಕ್ಕೆ ಅವಳ ಕಾಲು ಅಪರಾಧಿಯಾಯಿತಲ್ಲ! ದಿನದ ಮುದ್ದೆಯಲ್ಲಿ ಅರ್ಧ ತಟ್ಟೆಯಲ್ಲೇ ಉಳಿಯುತ್ತಿತ್ತು. ಆದರೂ ಎಂಟು ದಿನ ಬಾಯಿ ಬಿಡಲಿಲ್ಲ. ನಾದಿನಿಯ ಮನೆಯ ಆಳು ಹಗ್ಗ ಹಿಡಿದು ಬಾಗಿಲಿಗೆ ಬಂದಾಗ ತಡೆಯಲಾರದೆ ಅಕ್ಕನ ಚಾಪೆಯ ಪಕ್ಕ ಕೂತು ಗೇಣು, ಗರಸು, ಸೊಕ್ಕೆ ಎಲ್ಲ ಹೇಳಿಬಿಟ್ಟೆ.

ಅಕ್ಕ ಪೂರ್ತಿ ಕೇಳಿ, "ಮುಗೀತಾ?" ಎಂದಳು. "ಸಾಬರು ಕಲ್ಲು ಹಾಸಿದ ದಿನಾನೇ ನನಗೆ ಹೇಳಿದ್ರು. ಎರೆಮಣ್ಣನ್ನ ಮಾಳಿಗೆಗೆ ಯಾರು ಹಾಕ್ತಾರೋ ಪೆದ್ದ? ಬೇಸಿಗೆಗೆ ಬಿರಿದು ಮಳೆಗೆ ಸೋರ್ತೈತೆ. ಎರಡು ಮೊಳ ತೆಗೆದಿದ್ರೆ ಮನೆ ಮುಂದೆ ಗುಡ್ಡ ಏಳ್ತಿತ್ತು. ನೀನು ತೆಗೆದಿದ್ದು ನನ್ನ ಬದನೆ ಮಡಿಗೂ ಸಾಲ್ಲಿಲ್ಲ."

"ಮತ್ತೆ ನಿನ್ನ ಕಾಲು?"

"ಕಾಲಿಗೇನಾಗೈತೆ? ಕೆಂಪಿ ಹೋಗ್ತಾಳಂದ್ರಾದ್ರೂ ಬಾಯಿ ಬಿಡ್ತಿಯೇನೋ ಅಂತ ನೋಡ್ದೆ." ಎದ್ದು ನೆಟ್ಟಗೆ ನಡೆದುಹೋಗಿ, ಆಳಿಗೆ ಮಜ್ಜಿಗೆ ಕೊಟ್ಟು ಬರಿ ಹಗ್ಗದೊಂದಿಗೆ ಕಳಿಸಿದಳು.

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ; ಆ ಮಧ್ಯಾಹ್ನ ಒಂದು ಮುದ್ದೆ ಹೆಚ್ಚಿಗೆ ಉಂಡೆ. ಮಳೆ ನಿಂತ ಮೇಲೆ ಚಪ್ಪಡಿ ಎಬ್ಬಿಸಿ, ಒಂಬತ್ತು ದಿನ ಅಗೆದೆ. ಮನೆ ಮುಂದೆ ನಿಜವಾಗಿಯೂ ಗುಡ್ಡ ಎದ್ದಿತು. ದಾರಿಯಲ್ಲಿ ಹೋಗುತ್ತಿದ್ದ ಪಕ್ಕದ ಮನೆಯ ಅಜ್ಜ ನಿಂತು, "ಎಷ್ಟಾಳ ತೆಗೆದ್ಯಪ್ಪ?" ಎಂದ.

"ಮೂರು ಮೊಳ ಅಜ್ಜ," ಎಂದೆ.

ಒಳಗಿನಿಂದ ಅಕ್ಕ ಕೆಮ್ಮಿದಳು.

"ಎರಡೂವರೆ ಅನ್ನು," ಎಂದು ಇಳಿಸಿದೆ.

ಮತ್ತೆ ಕೆಮ್ಮಿದಳು.

"ಎರಡು," ಎಂದೆ. ಕೆಮ್ಮು ನಿಂತಿತು.