ಅಟ್ಟದ ಕಾಯಿ, ಮೊಬೈಲಿನ ಗಂಟೆ

ಸುದ್ದಿ ಮುಟ್ಟಿಸೋ ಕೆಲಸ ಈ ಬೀದಿಯಲ್ಲಿ ಇಷ್ಟು ದಿನ ನನ್ನದಾಗಿತ್ತು. ಈಗ ಕಂಪ್ಯೂಟರು ಕಿತ್ತುಕೊಂಡಿದೆ. ನಾನಾದರೂ ಒಂದು ಲೋಟ ಕಾಫಿ ಕುಡಿದು ಹೇಳ್ತಿದ್ದೆ. ಅದಕ್ಕೆ ಅಷ್ಟೂ ತಾಳ್ಮೆ ಇಲ್ಲ.

೧. ವಯಸ್ಸು ಇಳಿದವನು

ತಿಪಟೂರಿನಲ್ಲಿ ನಮ್ಮನೆ ಎದುರಿಗೇ ಒಂದು ವಧು-ವರ ಕೇಂದ್ರ. ನನ್ನ ತಂಗಿ ಮೊಮ್ಮಗಳು ಅಲ್ಲಿ ಕಂಪ್ಯೂಟರ್ ಕೆಲಸಕ್ಕಿದ್ದಾಳೆ. ಅವಳ ಸಂಬಳದಿಂದಲೇ ಆ ಮನೆ ಒಲೆ ಉರಿಯೋದು. ಒಂದೊಂದು ಗಂಡಿಗೂ ಹೆಣ್ಣಿಗೂ ಕಂಪ್ಯೂಟರಿನೊಳಗೆ ಒಂದೊಂದು ಹಾಳೆ, ಅವರ ಮನೆಯವರೇ ಮೊಬೈಲಿನಿಂದ ತಿದ್ದಬಹುದು. ಹಾಳೆಯಲ್ಲಿ ಏನು ಬದಲಾದರೂ, ಆ ಸಂಬಂಧದ ಮೇಲೆ ಕಣ್ಣಿಟ್ಟವರ ಮೊಬೈಲು ತಾನಾಗೇ ಟಣ್ ಅನ್ನೋ ಹಾಗೆ ಮಾಡಿದಳು.

ಮೊದಲ ದಿನವೇ ಕಂದಿಕೆರೆಯ ಗಂಡೊಬ್ಬ ಮನೆಯಲ್ಲೇ ಕೂತು ವಯಸ್ಸು ತಿದ್ದಿದ. ಟಣ್. ಸಾಲದು ಅಂತ ಇನ್ನೊಂಚೂರು ಇಳಿಸಿದ. ಟಣ್. ಸಂಜೆ ಹೆಣ್ಣಿನ ಕಡೆಯವರು ಫೋನ್ ಮಾಡಿ, "ಅವನ ತಮ್ಮ ಈಗ ಅಣ್ಣ ಆಗವ್ನೆ ಕಣ್ರೀ, ಅವನಿಗೇ ಕೊಡ್ತೀವಿ ಬುಡಿ" ಅಂದರು.

೨. ಕೇಸರಿಬಾತು

ತುರುವೇಕೆರೆ ಕಡೆ ಹೆಣ್ಣು ನೋಡೋ ಶಾಸ್ತ್ರ. ತಟ್ಟೆ ಕೈಯಲ್ಲಿದೆ, ಹುಡುಗನ ಜೇಬು ಟಣ್ ಅಂತು: "ಹೆಣ್ಣಿಗೆ ಬೇರೆ ಕಡೆ ಗೊತ್ತಾಗಿದೆ." ಹೆಣ್ಣಿನ ಸೋದರಮಾವ ಹುಳಿಯಾರಿನಲ್ಲಿ ಇನ್ನೊಂದು ಸಂಬಂಧ ಒಪ್ಪಿ, ಅಲ್ಲಿಂದಲೇ ಹಾಳೆ ತಿದ್ದಿಬಿಟ್ಟಿದ್ದ! ಗಂಡಸರೆಲ್ಲ ದಡಕ್ಕನೆ ಎದ್ದರು. ಹುಡುಗನ ತಾಯಿ ಮಾತ್ರ, "ಕೂತ್ಕಳ್ರಪ್ಪ, ಕೇಸರಿಬಾತು ಏನು ತಪ್ಪು ಮಾಡೈತೆ?" ಅಂದಳಂತೆ.

ಜಗಳ ಕೇಂದ್ರದ ಬಾಗಿಲಿಗೆ ಬಂತು. ಯಜಮಾನರು ನಮ್ಮ ಹುಡುಗಿಗೆ, "ನಿನ್ನ ಗಂಟೆಯಿಂದ ಇನ್ನೊಂದು ಸಂಬಂಧ ಮುರೀಲಿ, ಅವತ್ತೇ ನಿನ್ನ ಕೆಲಸ ಹೋಯ್ತು ಅಂತ ತಿಳ್ಕೊ" ಅಂದರು. ಆವತ್ತಿಂದ ಆ ಕೂಸು ಟಣ್ ಅಂದರೆ ಬೆಚ್ಚಿಬೀಳೋಳು.

೩. ಅಟ್ಟ

ಆಮೇಲೆ ಯಜಮಾನರ ಮಗನಿಗೇ ಸಂಬಂಧ ಬಂತು. ನಮ್ಮ ಸೀಮೆಯಲ್ಲಿ ಗಂಡಿನ ಮನೆಗೆ ಬಂದವರು ಗಂಡಿನ ಮುಖಕ್ಕಿಂತ ಮೊದಲು ಅಟ್ಟ ನೋಡ್ತಾರೆ, ಕೊಬ್ಬರಿಗೆ ಹಾಕಿದ ಕಾಯಿ ಎಷ್ಟಿದೆ ಅಂತ. ಯಜಮಾನರ ಅಟ್ಟದಲ್ಲಿ ಜೇಡ ಬಿಟ್ಟರೆ ಏನೂ ಇರಲಿಲ್ಲ. ಹಿಂದಿನ ದಿನ ಭಾವಮೈದುನನ ಟ್ರ್ಯಾಕ್ಟರಿನಲ್ಲಿ ಕಾಯಿ ಬಂದು ಅಟ್ಟ ತುಂಬಿತು. ಕೇಂದ್ರದ ಹಿಂದೇ ಅವರ ಮನೆ. ನನ್ನ ಕಣ್ಣಿಗೆ ಬೀಳದೆ ಇರ್ತದಾ?

ಹೆಣ್ಣಿನ ಕಡೆಯವರು ಬಂದರು. ಅಟ್ಟ ನೋಡಿ ಹೆಣ್ಣಿನಪ್ಪ ಮೀಸೆ ಸವರಿದ. ತಾಂಬೂಲದ ತಟ್ಟೆ ಬಂತು. ಯಾರೂ ಕರೆಯದಿದ್ದರೂ ನಾನು ಮೂಲೆಯಲ್ಲಿ ಕೂತಿದ್ದೆ. ನಮ್ಮ ಹುಡುಗಿ ಕಾಫಿ ಹಂಚುತ್ತಿದ್ದಳು.

ಯಜಮಾನರಿಗೆ ಮರೆವು ಜಾಸ್ತಿ. ಮೆಲ್ಲಗೆ ಮೊಬೈಲು ತೆಗೆದು, ಮಗನ ಹಾಳೆಯಲ್ಲೇ ನೆನಪಿಗೆ ಅಂತ ಏನೋ ಬರೆದಿಟ್ಟರು. ತನ್ನ ಕೇಂದ್ರ, ತನ್ನ ಮಗ, ಇನ್ಯಾರು ನೋಡ್ತಾರೆ ಅನ್ನೋ ಧೈರ್ಯ.

ಟಣ್. ಟಣ್. ಟಣ್. ಚಾಪೆ ತುಂಬಾ.

ಹೆಣ್ಣಿನಪ್ಪ ಕನ್ನಡಕ ಏರಿಸಿ ಜೋರಾಗಿ ಓದಿದ: "ಅಟ್ಟದ ಕಾಯಿ ಸೋಮವಾರ ಭಾವಮೈದುನನಿಗೆ ವಾಪಸ್."

ಯಜಮಾನರು ಕೆಂಪಗಾಗಿ ಹುಡುಗಿ ಕಡೆ ತಿರುಗಿ, "ನೀನು ನಾಳೆಯಿಂದ..." ಅಂದರು.

ಅವಳು ಲೋಟ ಕೆಳಗಿಟ್ಟಳು. "ತಿದ್ದಿದವರ ಹೆಸರೂ ಅದರ ಕೆಳಗೇ ಬರ್ತದೆ, ಸಾರ್."

ಹೆಣ್ಣಿನಪ್ಪ ಅದನ್ನೂ ಜೋರಾಗಿ ಓದಿದ.

"ನಾಳೆಯಿಂದ... ಸ್ವಲ್ಪ ಬೇಗ ಬಾಮ್ಮ" ಅಂದರು ಯಜಮಾನರು.

ಸದ್ಯ, ಕೂಸಿನ ಕೆಲಸ ಉಳೀತು ಅಂತ ನಾನು ಎಲೆ ಅಡಿಕೆಗೆ ಕೈ ಹಾಕಿದೆ. ಅಷ್ಟರಲ್ಲಿ ಪಕ್ಕದಲ್ಲೇ ಕೂತಿದ್ದ ಭಾವಮೈದುನ ತನ್ನ ಮೊಬೈಲು ನೋಡಿ ಕೂಗಿಕೊಂಡ:

"ಏನ್ ಭಾವ, ಸೋಮವಾರಾನಾ? ನಾನೂ ಅದನ್ನ ಬೇರೆಯವರ ಅಟ್ಟದಿಂದ ಕೇಳಿ ತಂದಿರೋದು! ಭಾನುವಾರ ಅವರ ಮನೇಗೆ ಹೆಣ್ಣಿನ ಕಡೆಯವರು ಬತ್ತಾವ್ರೆ!"